ಸಂಪಿನ ಮೇಲೆ ವೇಟ್‌ಲಿಫ್ಟಿಂಗ್ ಪ್ಲಾಟ್‌ಫಾರ್ಮ್ ಹಾಕಬಹುದೇ?

ಪ್ರಶ್ನೆ: ದಾವಣಗೆರೆಯ ನಿಟುವಳ್ಳಿಯಲ್ಲಿ 40×60 ಅಡಿ ನಿವೇಶನದಲ್ಲಿ ನಮ್ಮ ಮನೆಯಿದೆ. ನನಗೆ 38 ವರ್ಷ. ಎರಡು ವರ್ಷಗಳಿಂದ ವೇಟ್‌ಲಿಫ್ಟಿಂಗ್ ಅಭ್ಯಾಸ ಮಾಡುತ್ತಿದ್ದು, ಈಗ ಪ್ಲೇಟು ಹಾಕಿದ ಬಾರನ್ನು ಭುಜಕ್ಕೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 80 ಕೆ.ಜಿ. ಎತ್ತುತ್ತೇನೆ. 15 ವರ್ಷದ ಮಗಳೂ ತರಬೇತುದಾರರ ಬಳಿ ಸ್ನ್ಯಾಚ್ (ಬಾರನ್ನು ಒಂದೇ ಎಳೆತದಲ್ಲಿ ತಲೆಯ ಮೇಲಕ್ಕೆ ಎತ್ತುವುದು) ಕಲಿಯುತ್ತಿದ್ದಾಳೆ. ಇಬ್ಬರಿಗೂ ಅನುಕೂಲವಾಗಲೆಂದು ಮನೆಯಲ್ಲೇ 8×8 ಅಡಿಯ ಪ್ಲಾಟ್‌ಫಾರ್ಮ್ ಮಾಡಿಸಬೇಕೆಂದಿದ್ದೇನೆ. ಮೊದಲ ಮಹಡಿಯಲ್ಲಿ ಒಂದು ಕೋಣೆ ಖಾಲಿಯಿದೆ, ಆದರೆ ಭಾರ ಬಿದ್ದರೆ ಮನೆಯೇ ಕುಸಿಯುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಪೋರ್ಟಿಕೋ ಆಗಬಹುದು ಅನಿಸುತ್ತದೆ. ಅದರ ಕೆಳಗೆ ನೀರಿನ ಸಂಪು ಇದೆ, ಆದರೆ ದಿನವೂ ಕಾರು ನಿಲ್ಲಿಸುತ್ತೇವೆ, ಇದುವರೆಗೆ ಏನೂ ಆಗಿಲ್ಲ. ಹಿತ್ತಲಿನಲ್ಲಿ ಜಾಗವಿದ್ದರೂ ಎರೆ ಮಣ್ಣು, ಮಳೆ ಬಂದರೆ ಕೆಸರು, ಹಾಗಾಗಿ ಅದನ್ನು ಕೈಬಿಟ್ಟಿದ್ದೇನೆ. 12 ಎಂ.ಎಂ. ಪ್ಲೈವುಡ್ ಒಂದು ಪದರ ಸಾಕು ಎನ್ನುತ್ತಾರೆ ಬಡಗಿ. ಕೆಳಗೆ ಮರಳು ಹಾಸಿ ಎನ್ನುತ್ತಾರೆ ಸ್ನೇಹಿತರು. ಟೈಲ್ಸ್ ಒಡೆಯದಂತೆ, ಗೆದ್ದಲು ಹಿಡಿಯದಂತೆ, ಮಗಳ ಕಾಲಿಗೆ ತೊಂದರೆಯಾಗದಂತೆ ಇದನ್ನು ಹೇಗೆ ಮಾಡಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಹಲಗೆಯ ಪ್ರಶ್ನೆ, ರಬ್ಬರಿನ ಪ್ರಶ್ನೆ, ಗೆದ್ದಲಿನ ಪ್ರಶ್ನೆ ಎಲ್ಲವೂ ಇವೆ. ಆದರೆ ನಾನು ಮೊದಲು ಹಿಡಿದುಕೊಳ್ಳುವುದು ನೀವು ಹೇಳಿಯೂ ಹೇಳದಂತೆ ದಾಟಿಹೋದ ಮಾತನ್ನು: ಪೋರ್ಟಿಕೋ ಕೆಳಗೆ ಸಂಪು ಇದೆ. ಕಟ್ಟಡಗಳ ಬಿರುಕು ಪರೀಕ್ಷಿಸುವುದು ಹಲವು ವರ್ಷಗಳಿಂದ ನನ್ನ ವೃತ್ತಿ. ದಾವಣಗೆರೆ, ಚಿತ್ರದುರ್ಗಗಳಲ್ಲಿ ಮನೆಯೊಳಗೆ ಜಿಮ್ ಮಾಡಿಕೊಂಡವರು ನನ್ನನ್ನು ಕರೆಸಿದಾಗ ದೋಷ ಹೆಚ್ಚಾಗಿ ಪ್ಲಾಟ್‌ಫಾರ್ಮಿನಲ್ಲಿ ಇರುವುದಿಲ್ಲ, ಅದರ ಅಡಿಯಲ್ಲಿ ಇರುತ್ತದೆ.

ಕಾರಿನ ವಾದವನ್ನೇ ಮೊದಲು ನೋಡೋಣ, ಏಕೆಂದರೆ ಅದು ಕೇಳಲು ಬಹಳ ಸಮಂಜಸವಾಗಿದೆ. ಜನ ಕುಳಿತ ಸಣ್ಣ ಕಾರೊಂದು 1,200 ಕೆ.ಜಿ. ತೂಗಿದರೆ ಒಂದೊಂದು ಚಕ್ರದ ಪಾಲಿಗೆ ಸುಮಾರು 300 ಕೆ.ಜಿ. ಬರುತ್ತದೆ. ಆ ಭಾರ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಪ್ಲೇಟುಗಳೂ ಸೇರಿ ನಿಮ್ಮ ಬಾರ್ 80 ಕೆ.ಜಿ. ಮಾತ್ರ, ನಿಜ. ಆದರೆ ಭುಜದ ಮಟ್ಟದಿಂದ ಕೈಬಿಟ್ಟಾಗ ಅದು ಸುಮಾರು 1.2 ಮೀಟರ್ ಬೀಳುತ್ತದೆ. ಬಿದ್ದ ಭಾರ ನೆಲಕ್ಕೆ ಕೊಡುವ ಪೆಟ್ಟನ್ನು ತೀರ್ಮಾನಿಸುವುದು ಅದರ ತೂಕವೊಂದೇ ಅಲ್ಲ, ಅದು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು. ಒಂದು ಸೆಂಟಿಮೀಟರಿನಲ್ಲಿ ನಿಂತರೆ ಸರಾಸರಿ ಬಲ ತೂಕದ 121 ಪಟ್ಟು, ಅಂದರೆ ಹತ್ತಿರ ಹತ್ತಿರ 10 ಟನ್. ಐದು ಸೆಂಟಿಮೀಟರಿನಲ್ಲಿ ನಿಂತರೆ 25 ಪಟ್ಟು, ಅಂದರೆ 2 ಟನ್. ಬೀಡು ಕಬ್ಬಿಣದ ಪ್ಲೇಟು ಟೈಲ್ಸ್ ಮೇಲೆ ಬಿದ್ದರೆ ಕೆಲವೇ ಮಿಲಿಮೀಟರಿನಲ್ಲಿ ನಿಲ್ಲಬೇಕಾಗುತ್ತದೆ. ಆಗಿನ ಪೆಟ್ಟನ್ನು ನೀವೇ ಲೆಕ್ಕ ಹಾಕಬಹುದು.

ನಮ್ಮ ಗರಡಿಗಳಲ್ಲಿ ಇದನ್ನು ಸೂತ್ರವಿಲ್ಲದೆಯೇ ಅರಿತಿದ್ದರು. ಗುಂಡು ಎತ್ತಿದವರು ಅದನ್ನು ಕೆಡವುತ್ತಿದ್ದುದು ಸಡಿಲ ಮಣ್ಣಿನ ಮೇಲೆ. ಗುಂಡು ನಾಲ್ಕು ಬೆರಳು ಹೂತುಹೋಗುತ್ತಿತ್ತು, ಆ ನಾಲ್ಕು ಬೆರಳಿನಲ್ಲೇ ಪೆಟ್ಟು ಕರಗುತ್ತಿತ್ತು. ಪ್ಲಾಟ್‌ಫಾರ್ಮ್ ಎಂದರೆ ಆ ಮಣ್ಣಿನ ಕೆಲಸವನ್ನು ರಬ್ಬರು ಮತ್ತು ಮರಕ್ಕೆ ವಹಿಸುವುದು.

ಈಗ ಸಂಪು. ಮನೆಗಳ ಸಂಪಿನ ಮುಚ್ಚುಹಲಗೆ ಸಾಮಾನ್ಯವಾಗಿ ನಾಲ್ಕೈದು ಇಂಚು ದಪ್ಪದ ಕಾಂಕ್ರೀಟ್. ಅದರ ಮಧ್ಯೆ ಅಥವಾ ಅಂಚಿನಲ್ಲಿ ಎರಡು ಅಡಿಯ ಬಾಯಿ ಬಿಟ್ಟಿರುತ್ತಾರೆ, ಹಾಗಾಗಿ ಆ ಬದಿ ಮೊದಲೇ ಬಲಹೀನ. ಕೆಳಗಿನಿಂದ ಹಗಲಿರುಳು ತೇವ ತಗಲುವುದರಿಂದ ಒಳಗಿನ ಕಂಬಿ ಬೇಗ ತುಕ್ಕು ಹಿಡಿಯುತ್ತದೆ, ಮತ್ತು ಅದು ಮೇಲಿನಿಂದ ಯಾರಿಗೂ ಕಾಣುವುದಿಲ್ಲ. ಚಿತ್ರದುರ್ಗದ ಮನೆಯೊಂದರಲ್ಲಿ ಯುವಕನೊಬ್ಬ ಪೋರ್ಟಿಕೋದಲ್ಲಿ ಎರಡು ಪದರ ರಬ್ಬರ್ ಟೈಲ್ಸ್ ಹಾಸಿಕೊಂಡು ಡೆಡ್‌ಲಿಫ್ಟ್ ಮಾಡುತ್ತಿದ್ದ. ನೆಲದ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ. ನಲ್ಲಿಯ ನೀರಿನಲ್ಲಿ ಮರಳಿನ ಕಣ ಬರುತ್ತಿದೆ ಎಂದು ಅವನ ತಾಯಿ ಗಮನಿಸಿದ ಮೇಲೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆವು. ಹಲಗೆಯ ತಳಭಾಗದಲ್ಲಿ ಅಂಗೈಯಗಲದ ಕಾಂಕ್ರೀಟ್ ಚಕ್ಕೆ ಉದುರಿ, ಎರಡು ಕಂಬಿ ಕೆಂಪಗೆ ಹೊರಗೆ ಕಾಣುತ್ತಿದ್ದವು. ತುಕ್ಕು ಹಳೆಯದೇ ಇರಬಹುದು, ಆದರೆ ಚಕ್ಕೆಯನ್ನು ಉದುರಿಸಿದ್ದು ದಿನದಿನದ ಪೆಟ್ಟು. ಅದಾದ ಮೇಲೆ ನಾನು ಸಂಪಿನ ಮೇಲೆ, ಸಂಪಿನ ಗೋಡೆಯ ಹೊರಬದಿಯಿಂದ ಎರಡಡಿ ಅಂತರದೊಳಗೆ, ಒಳಚರಂಡಿ ಚೇಂಬರಿನ ಮೇಲೆ ಯಾವ ಪ್ಲಾಟ್‌ಫಾರ್ಮಿಗೂ ಒಪ್ಪುವುದಿಲ್ಲ, ರಬ್ಬರು ಎಷ್ಟೇ ದಪ್ಪವಿರಲಿ.

ಮೊದಲ ಮಹಡಿಯ ವಿಷಯದಲ್ಲಿ ನಿಮ್ಮ ಪಕ್ಕದ ಮನೆಯವರು ಹೇಳಿದ್ದರಲ್ಲಿ ಅರ್ಧ ತಪ್ಪು, ಅರ್ಧ ಸರಿ. 18 ಎಂ.ಎಂ. ದಪ್ಪದ 8×4 ಅಡಿ ಪ್ಲೈವುಡ್ ಹಾಳೆ ಒಂದಕ್ಕೆ ಸುಮಾರು 35 ಕೆ.ಜಿ. ತೂಕವಿರುತ್ತದೆ. ಅಂಥ ಐದು ಹಾಳೆ, ಎರಡು ಬದಿಯ ರಬ್ಬರು, ಬಾರ್, ನೀವು, ಎಲ್ಲ ಸೇರಿದರೂ 8×8 ಅಡಿ ಜಾಗದಲ್ಲಿ ಚದರ ಮೀಟರಿಗೆ 75 ಕೆ.ಜಿ. ಮೀರುವುದಿಲ್ಲ. ವಾಸದ ಮನೆಗಳ ಕೋಣೆಗೆ ಭಾರತೀಯ ಮಾನಕ ಐ.ಎಸ್. 875ರ ಎರಡನೆಯ ಭಾಗ ಹೇಳುವ ಉಪಯೋಗದ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಆದ್ದರಿಂದ ಸರಿಯಾಗಿ ಕಟ್ಟಿದ ಮನೆ ಪ್ಲಾಟ್‌ಫಾರ್ಮಿನ ತೂಕಕ್ಕೆ ಕುಸಿಯುತ್ತದೆ ಎಂಬ ಭಯ ಬೇಡ. ಸರಿಯಾದ ಅರ್ಧವೆಂದರೆ, ಆ 200 ಕೆ.ಜಿ. ಲೆಕ್ಕ ಮಂಚ, ಬೀರು, ಓಡಾಡುವ ಮನುಷ್ಯರಿಗೆ ಹಾಕಿದ್ದೇ ಹೊರತು ವಾರಕ್ಕೆ ನೂರಿನ್ನೂರು ಸಲ ಬೀಳುವ ಪೆಟ್ಟಿಗಲ್ಲ. ಐದಿಂಚಿನ ಸ್ಲ್ಯಾಬ್ ಪ್ರತಿ ಪೆಟ್ಟಿಗೂ ಕೂದಲೆಳೆಯಷ್ಟು ಕಂಪಿಸುತ್ತದೆ. ಮೊದಲು ಕೆಳಗಿನ ಕೋಣೆಯ ಪ್ಲಾಸ್ಟರ್ ಬಿಡುತ್ತದೆ, ಆಮೇಲೆ ಟೈಲ್ಸ್ ಸಂದು, ಆಮೇಲೆ ಗೋಡೆ ಮತ್ತು ಸ್ಲ್ಯಾಬ್ ಸೇರುವ ಕಡೆ ಸಣ್ಣ ಸೀಳು. ಮನೆಯವರ ನೆಮ್ಮದಿಯಂತೂ ಮೊದಲ ವಾರವೇ ಹೋಗುತ್ತದೆ.

ಮಹಡಿಯಲ್ಲೇ ಮಾಡುವುದು ಅನಿವಾರ್ಯವಾದರೆ ಅದಕ್ಕೊಂದು ದಾರಿಯಿದೆ: ಬಾರನ್ನು ಮೇಲಿನಿಂದ ಬಿಡದೆ ಕೈಯಲ್ಲೇ ಹಿಡಿದು ಇಳಿಸುವ ವ್ಯಾಯಾಮಗಳಿಗೆ ಮಾತ್ರ ಆ ಕೋಣೆ, ಜಾಗ ಕೋಣೆಯ ಮಧ್ಯದಲ್ಲಲ್ಲ, ಕೆಳಗೆ ತೊಲೆ ಅಥವಾ ಗೋಡೆ ಇರುವ ಬದಿಯಲ್ಲಿ. ಸ್ನ್ಯಾಚ್, ಜರ್ಕ್ ಅಲ್ಲಿ ಬೇಡ. ಎತ್ತರವನ್ನೂ ಗಮನಿಸಿ. ಐದು ಅಡಿ ಎಂಟು ಇಂಚಿನವರು ಬಾರನ್ನು ತಲೆಯ ಮೇಲೆ ಚಾಚಿದಾಗ ಬಾರ್ ಏಳು ಅಡಿಯ ಮೇಲೆ ಹೋಗುತ್ತದೆ, 450 ಎಂ.ಎಂ. ವ್ಯಾಸದ ಪ್ಲೇಟಿನ ಮೇಲಂಚು ಎಂಟು ಅಡಿ ಮುಟ್ಟುತ್ತದೆ. ಫ್ಯಾನಿನ ರೆಕ್ಕೆ ಅಲ್ಲೇ ಇರುತ್ತದೆ.

ತಾರಸಿಯನ್ನು ನೀವು ಕೇಳಿಲ್ಲ, ಆದರೂ ಹಲವರು ಕೊನೆಗೆ ಅಲ್ಲಿಗೇ ಹೋಗುತ್ತಾರೆ. ನೀರು ನಿರೋಧಕ ಪದರ ಒಡೆದರೆ ಸೋರುವುದು ನಿಮ್ಮ ತಲೆಯ ಮೇಲೆಯೇ. ನಮ್ಮ ಏಪ್ರಿಲ್ ಬಿಸಿಲಿಗೆ ಕಪ್ಪು ರಬ್ಬರು ಕಾಲಿಡಲಾಗದಷ್ಟು ಕಾಯುತ್ತದೆ. ಬೇಡ.

ಹಾಗಾದರೆ ಉಳಿಯುವುದು ನೀವು ಕೈಬಿಟ್ಟ ಹಿತ್ತಲು. ನನ್ನ ದೃಷ್ಟಿಯಲ್ಲಿ ನಿಮ್ಮ ನಿವೇಶನದ ಅತ್ಯುತ್ತಮ ಜಾಗ ಅದೇ, ಎರೆ ಮಣ್ಣಿದ್ದರೂ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಮನೆಯ ಅಡಿಪಾಯಕ್ಕೆ ಇದು ದೊಡ್ಡ ತಲೆನೋವು. ಆದರೆ ಮನೆಯಿಂದ ಬೇರೆಯಾಗಿ ನಿಂತ ಒಂಬತ್ತು ಅಡಿಯ ಚೌಕಕ್ಕೆ ಸ್ವಲ್ಪ ಏರಿಳಿತ ಅಷ್ಟೇನೂ ಬಾಧಿಸದು. ಒಂದೂವರೆ ಅಡಿ ಎರೆ ಮಣ್ಣು ತೆಗೆಸಿ, ಆ ಜಾಗಕ್ಕೆ ಗ್ರಾವೆಲ್ ಮಣ್ಣನ್ನು ಆರಾರು ಇಂಚಿನ ಪದರಗಳಲ್ಲಿ ತುಂಬಿ, ನೀರು ಚಿಮುಕಿಸಿ ಗಟ್ಟಿಯಾಗಿ ದಮ್ಮಸು ಮಾಡಿಸಿ. ಇದೇ ಹಂತದಲ್ಲಿ ಗೆದ್ದಲು ನಿರೋಧಕ ಔಷಧಿಯನ್ನು ತಿಳಿದವರಿಂದ ಹಾಕಿಸಿ, ಕಾಂಕ್ರೀಟ್ ಬಿದ್ದ ಮೇಲೆ ಆ ಅವಕಾಶ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಅದರ ಮೇಲೆ ಒಂದು ಪಾಲಿಥೀನ್ ಹಾಳೆ, ಮೇಲೆ ಕಂಬಿಯ ಜಾಲರಿಯಿಟ್ಟು ಐದಿಂಚು ಕಾಂಕ್ರೀಟ್. ಮನೆಯ ಗೋಡೆಗೂ ಈ ಕಾಂಕ್ರೀಟಿಗೂ ನಡುವೆ ಒಂದಿಂಚು ಥರ್ಮಕೋಲ್ ಇಟ್ಟು ಬೇರ್ಪಡಿಸುವುದನ್ನು ಮಾತ್ರ ಮೇಸ್ತ್ರಿ ಮರೆಯದಂತೆ ನೀವೇ ಎದುರು ನಿಂತು ನೋಡಿಕೊಳ್ಳಿ. ಎರಡನ್ನೂ ಸೇರಿಸಿ ಹಾಕಿದರೆ ಪ್ರತಿ ಪೆಟ್ಟೂ ಗೋಡೆಗೆ ಸಾಗುತ್ತದೆ, ಎರೆ ಮಣ್ಣು ಉಬ್ಬಿದಾಗ ಕಾಂಕ್ರೀಟು ಗೋಡೆಯನ್ನು ತಳ್ಳುತ್ತದೆ. ನೆಲ ಸುತ್ತಲಿಗಿಂತ ಆರಿಂಚು ಎತ್ತರವಿರಲಿ. ಬಟ್ಟೆ ಒಗೆಯುವ ಕಲ್ಲಿನ ನೀರು, ತಾರಸಿಯ ಪೈಪಿನ ನೀರು ಆ ಕಡೆ ಹರಿಯದಿರಲಿ. ಮೇಲೊಂದು ಶೀಟಿನ ಮಾಡು, ಮಳೆ ಎರಚುವ ಕಡೆಗೆ ಮರೆ. ಕಾಂಕ್ರೀಟಿಗೆ ಕನಿಷ್ಠ 14 ದಿನ ನೀರುಣಿಸಿ, ತಿಂಗಳಾಗುವವರೆಗೆ ಅದರ ಮೇಲೆ ಬಾರ್ ಬೀಳಿಸಬೇಡಿ.

ಪೋರ್ಟಿಕೋದಲ್ಲಿ ಸಂಪಿನಿಂದ ದೂರವಾದ ಭಾಗ ಎಂಟು ಅಡಿ ಸಿಗುವುದಾದರೆ ಅದನ್ನು ಎರಡನೆಯ ಆಯ್ಕೆಯಾಗಿ ಇಟ್ಟುಕೊಳ್ಳಬಹುದು. ಒಂದು ರೂಪಾಯಿಯ ನಾಣ್ಯ ತೆಗೆದುಕೊಂಡು ಪ್ರತಿ ಟೈಲಿನ ನಾಲ್ಕು ಮೂಲೆ ಮತ್ತು ಮಧ್ಯವನ್ನು ತಟ್ಟುತ್ತಾ ಬನ್ನಿ. ಟಕ್ ಟಕ್ ಎಂದು ಚುರುಕಾದ ಸದ್ದು ಬಂದರೆ ಕೆಳಗೆ ಸಿಮೆಂಟು ತುಂಬಿದೆ. ಡಬ್ ಡಬ್ ಎಂದರೆ ಪೊಳ್ಳು, ಆ ಟೈಲು ಪ್ಲಾಟ್‌ಫಾರ್ಮಿನ ಕೆಳಗಿದ್ದರೂ ಒಡೆಯುತ್ತದೆ. ಇನ್ನೊಂದು ತೊಡಕು ಇಳಿಜಾರು. ಪೋರ್ಟಿಕೋವನ್ನು ನೀರು ಹರಿದುಹೋಗಲೆಂದು ಗೇಟಿನ ಕಡೆಗೆ ವಾಲಿಸಿರುತ್ತಾರೆ, ಎಂಟು ಅಡಿಗೆ ಇಂಚಿಗೂ ಹೆಚ್ಚು ಇಳಿತ ಬರಬಹುದು. ಬಾರ್ ತಾನಾಗಿ ಉರುಳುವ ನೆಲದ ಮೇಲೆ ಸ್ನ್ಯಾಚ್ ಮಾಡಬಾರದು. ಹಲಗೆಯ ಒಂದು ಬದಿಗೆ ಮರದ ಚೂರು ಕೊಟ್ಟು ಮಟ್ಟ ಮಾಡಿದರೆ ಮಧ್ಯೆ ಪೊಳ್ಳು ಉಳಿದು ಹಲಗೆ ಸೀಳುತ್ತದೆ. ಟೈಲ್ಸ್ ಎಬ್ಬಿಸಿ, ಕಾಂಕ್ರೀಟಿನಿಂದಲೇ ಮಟ್ಟ ಮಾಡಿಸಬೇಕು.

ನಿಮ್ಮ ಸ್ನೇಹಿತರು ಹೇಳಿದ ಮರಳಿನ ಉಪಾಯದ ಹಿಂದಿರುವುದು ಗರಡಿಯ ನೆನಪೇ ಇರಬೇಕು, ಅದಕ್ಕೆ ನನ್ನ ಗೌರವವಿದೆ. ಆದರೆ ಗರಡಿಯಲ್ಲಿ ಮಣ್ಣನ್ನು ದಿನವೂ ಅಗೆದು ಹದ ಮಾಡುತ್ತಾರೆ. ಹಲಗೆಯ ಅಡಿಯಲ್ಲಿ ಸಿಕ್ಕಿಕೊಂಡ ಮರಳನ್ನು ಹದ ಮಾಡುವವರು ಯಾರು? ಅದು ಪ್ರತಿ ಪೆಟ್ಟಿಗೂ ಬದಿಗೆ ಸರಿಯುತ್ತದೆ, ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು ಮಾಡುತ್ತದೆ, ತೇವ ಹಿಡಿದಿಟ್ಟು ಗೆದ್ದಲಿಗೆ ಮನೆ ಕೊಡುತ್ತದೆ. ಬಡಗಿ ಹೇಳಿದ 12 ಎಂ.ಎಂ. ಒಂದು ಪದರ ಬೀರುವಿಗೆ ಸರಿ, ಇದಕ್ಕಲ್ಲ.

ಈಗ ಹಲಗೆಗೆ ಬರೋಣ. ಸ್ಪರ್ಧೆಯ ಪ್ಲಾಟ್‌ಫಾರ್ಮ್ 4×4 ಮೀಟರ್ ಇರುತ್ತದೆ. ಮನೆಗೆ 8×8 ಅಡಿ ಎಂಬ ಅಳತೆ ಬಂದದ್ದು ಪ್ಲೈವುಡ್ ಹಾಳೆ 8×4 ಅಡಿ ಇರುವುದರಿಂದ, ಮತ್ತು ಅದು ಸಾಕಾಗುತ್ತದೆ. ಮೊದಲ ಪದರದಲ್ಲಿ ಎರಡು ಹಾಳೆ ಉದ್ದಕ್ಕೆ, ಎರಡನೆಯ ಪದರದಲ್ಲಿ ಎರಡು ಹಾಳೆ ಅಡ್ಡಕ್ಕೆ. ಹೀಗೆ ಹಾಕಿದರೆ ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಕೂರುವುದಿಲ್ಲ. ಅದರ ಮೇಲೆ ನಡುವೆ ನಿಲ್ಲಲು ಒಂದು ಹಾಳೆ, ಎರಡು ಬದಿಗೆ ರಬ್ಬರು. ಒಟ್ಟು ಐದು ಹಾಳೆ, 18 ಎಂ.ಎಂ. ದಪ್ಪದ್ದು. ತಳದ ಎರಡು ಹಾಳೆಯಾದರೂ ಐ.ಎಸ್. 710 ಗುರುತಿನ ಮರೀನ್ ಪ್ಲೈ ಆಗಿರಲಿ. ಉಳಿದದ್ದು ಐ.ಎಸ್. 303ರ ಬಿ.ಡಬ್ಲ್ಯೂ.ಆರ್. (ಕುದಿನೀರು ತಾಳುವ) ದರ್ಜೆಯದಾದರೆ ಸಾಕು. ಎಂ.ಆರ್. (ಸ್ವಲ್ಪ ತೇವ ಮಾತ್ರ ತಾಳುವ) ದರ್ಜೆಯ ಪ್ಲೈ ಅಗ್ಗ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಪದರ ಬಿಚ್ಚಿಕೊಳ್ಳುತ್ತದೆ. ಎಲ್ಲ ಹಾಳೆಗಳ ಕತ್ತರಿಸಿದ ಅಂಚಿಗೂ ಪ್ರೈಮರ್ ಬಳಿಯಿರಿ, ಏಕೆಂದರೆ ನೀರು ಮತ್ತು ಗೆದ್ದಲು ಎರಡೂ ಒಳಗೆ ಹೋಗುವುದು ಅಂಚಿನಿಂದ.

ಈ ಜೋಡಣೆಯಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಅಳತೆಯಿದೆ. ಪುರುಷರ ಬಾರ್ 20 ಕೆ.ಜಿ., ಉದ್ದ 2.2 ಮೀಟರ್. ಮಹಿಳೆಯರದು 15 ಕೆ.ಜಿ., 2.01 ಮೀಟರ್. ಆದರೆ ಎರಡರಲ್ಲೂ ಹಿಡಿಯುವ ಭಾಗ 131 ಸೆಂ.ಮೀ., ಹಾಗಾಗಿ ಒಳಗಿನ ಪ್ಲೇಟು ನಡುಮಧ್ಯದಿಂದ ಸುಮಾರು 68.5 ಸೆಂ.ಮೀ. ದೂರದಲ್ಲಿ ಕೂರುತ್ತದೆ. ನಡುವಿನ ನಾಲ್ಕಡಿ ಹಲಗೆ ಮುಗಿಯುವುದು 61 ಸೆಂ.ಮೀ.ಗೆ. ನಡುವೆ ಉಳಿಯುವುದು ಏಳೂವರೆ ಸೆಂಟಿಮೀಟರ್, ನಾಲ್ಕು ಬೆರಳಿನ ಅಗಲ. ಬಾರ್ ಹಿಡಿದು ಒಂದು ಹೆಜ್ಜೆ ಪಕ್ಕಕ್ಕೆ ತೂರಾಡಿದರೆ ಪ್ಲೇಟು ಬೀಳುವುದು ರಬ್ಬರಿನ ಮೇಲಲ್ಲ, ಮರದ ಅಂಚಿನ ಮೇಲೆ, ಮತ್ತು ಹಲಗೆ ಸೀಳುವುದು ಅಲ್ಲಿಂದಲೇ. ಆದ್ದರಿಂದ ನಾನು ನಡುಹಲಗೆಯನ್ನು ಮೂರೂವರೆ ಅಡಿಗೆ ಕೊಯ್ಸುತ್ತೇನೆ. ಕೊಯ್ದು ಉಳಿದ ಆರಿಂಚನ್ನು ಮೂರು ಮೂರು ಇಂಚಿನ ಎರಡು ಪಟ್ಟಿ ಮಾಡಿ ಪ್ಲಾಟ್‌ಫಾರ್ಮಿನ ಎರಡು ಹೊರ ಅಂಚಿಗೆ ಬಡಿಸುತ್ತೇನೆ, ಅಲ್ಲಿಗೆ ಪ್ಲೇಟು ತಲುಪುವುದೇ ಇಲ್ಲ. ಎರಡಡಿ ಅಗಲದ ರಬ್ಬರು ಈ ಪಟ್ಟಿಗೂ ನಡುಹಲಗೆಗೂ ಮಧ್ಯೆ ಬಿಗಿಯಾಗಿ ಕೂತು, ಅಂಟಿಲ್ಲದೆಯೂ ಜರುಗದೆ ನಿಲ್ಲುತ್ತದೆ. ಒಂದು ಚೂರು ಪ್ಲೈವುಡ್ಡೂ ಪೋಲಾಗುವುದಿಲ್ಲ.

ಪದರಗಳನ್ನು 32 ಎಂ.ಎಂ. ಸ್ಕ್ರೂಗಳಿಂದ ಜೋಡಿಸಿ, ಎರಡು ಪದರ ಸೇರಿ 36 ಎಂ.ಎಂ. ಆಗುವುದರಿಂದ ತುದಿ ಕೆಳಗೆ ಹೊರಬರುವುದಿಲ್ಲ. ತಲೆ ಮರದೊಳಗೆ ಇಳಿದಿರಲಿ. ಪ್ಲೇಟು ಬೀಳುವ ಜಾಗದಲ್ಲಿ ಸ್ಕ್ರೂ ಹಾಕಿಸಬೇಡಿ. ಅಂಟು ಹಾಕದಿದ್ದರೆ ಹಾಳಾದ ಹಾಳೆಯನ್ನು ಮಾತ್ರ ಬದಲಿಸಬಹುದು. ಪ್ಲಾಟ್‌ಫಾರ್ಮನ್ನು ನೆಲಕ್ಕಂತೂ ಅಂಟಿಸಲೇಬೇಡಿ, ವರ್ಷಕ್ಕೊಮ್ಮೆ ಬಿಚ್ಚಿ ಅಡಿಭಾಗ ನೋಡಲು ಬರಬೇಕು.

ರಬ್ಬರು 20 ಎಂ.ಎಂ. ಇರಲಿ, ನಡುಹಲಗೆಗಿಂತ ತಗ್ಗಾಗಿರಬಾರದು. ಜಿಮ್ ಟೈಲ್ಸ್ ಸಿಗದಿದ್ದರೆ ಹೈನುಗಾರರು ಕೊಟ್ಟಿಗೆಯಲ್ಲಿ ಹಸುಗಳಿಗೆ ಹಾಸುವ ರಬ್ಬರ್ ಮ್ಯಾಟು ಒಳ್ಳೆಯ ಬದಲಿ. ಅದರ ಅಡಿಯಲ್ಲಿರುವ ಗುಬುಟುಗಳು ಪೆಟ್ಟಿಗೆ ಸ್ವಲ್ಪ ಕುಗ್ಗುತ್ತವೆ, ನಮಗೆ ಬೇಕಾದದ್ದೂ ಅದೇ. ಅದರ ದಪ್ಪ ಕಡಿಮೆಯಿದ್ದರೆ ಅಡಿಗೆ 4 ಎಂ.ಎಂ. ಪ್ಲೈ ಕೊಟ್ಟು ಸರಿತೂಗಿಸಿ. ಹಳೆಯ ಕನ್ವೇಯರ್ ಬೆಲ್ಟನ್ನು ಹಾಸಿಕೊಳ್ಳುವವರೂ ಇದ್ದಾರೆ. ಅದು ಸವೆಯುವುದಿಲ್ಲ ನಿಜ, ಆದರೆ ಒಳಗೆ ಬಟ್ಟೆ ಅಥವಾ ಉಕ್ಕಿನ ಎಳೆ ಇರುವುದರಿಂದ ಕುಗ್ಗುವುದೂ ಇಲ್ಲ. ಮೆತ್ತನೆಯ ರಬ್ಬರಿನ ಮೇಲೆ ಹೊದಿಕೆಯಾಗಿ ಬಳಸಬಹುದು, ಒಂಟಿಯಾಗಿ ಬೇಡ.

ಮಗಳ ಕಾಲಿನ ಬಗ್ಗೆ ಕೇಳಿದ್ದೀರಿ. ಮೆತ್ತನೆಯ ನೆಲ ಮೊಣಕಾಲಿಗೆ ಒಳ್ಳೆಯದು ಎಂಬ ನಂಬಿಕೆಯಿಂದ ನಿಲ್ಲುವ ಜಾಗಕ್ಕೂ ಫೋಮ್ ಹಾಸುವವರಿದ್ದಾರೆ. ಇದು ಅಪಾಯ. ಭಾರ ಹೊತ್ತು ಫೋಮಿನ ಮೇಲೆ ಕಾಲೂರಿದರೆ ಪಾದ ಒಂದು ಬದಿಗೆ ಹೂತು ಹಿಮ್ಮಡಿ ಹೊರಳುತ್ತದೆ. ನಿಲ್ಲುವ ಜಾಗ ಗಟ್ಟಿ, ಪ್ಲೇಟು ಬೀಳುವ ಜಾಗ ಮೆತ್ತಗೆ, ಇದೇ ಪ್ಲಾಟ್‌ಫಾರ್ಮಿನ ಕಟ್ಟಳೆ. ನಡುಹಲಗೆಗೆ ಹೊಳೆಯುವ ವಾರ್ನಿಷ್ ಬಳಿಸಬೇಡಿ, ಬೆವರು ಬಿದ್ದರೆ ಜಾರುತ್ತದೆ. ಕೈಗೆ ಟಾಲ್ಕಂ ಪೌಡರ್ ಹಚ್ಚುವ ಅಭ್ಯಾಸವಿದ್ದರೆ ಅದನ್ನೂ ಬಿಡಿಸಿ, ಲಿಫ್ಟರುಗಳು ಬಳಸುವ ಮೆಗ್ನೀಷಿಯಂ ಕಾರ್ಬೊನೇಟ್ ಕೊಡಿಸಿ. ಹಿಂದಕ್ಕೆ ತಪ್ಪಿದ ಸ್ನ್ಯಾಚ್ ಬೆನ್ನ ಹಿಂದೆ ಬೀಳುವುದರಿಂದ ಆ ಬದಿಯಲ್ಲಿ ಸ್ಕೂಟರ್, ಗ್ಯಾಸ್ ಸಿಲಿಂಡರ್, ಮೋಟಾರಿನ ಸ್ವಿಚ್ಚು ಯಾವುದೂ ಇರಬಾರದು, ಪುಟ್ಟ ಮಕ್ಕಳಂತೂ ಆ ಹೊತ್ತಿನಲ್ಲಿ ಹಿತ್ತಲಿಗೆ ಬರಲೇಬಾರದು.

ಪ್ಲೇಟುಗಳ ಬಗ್ಗೆ ನೀವು ಏನೂ ಬರೆದಿಲ್ಲ. ಬೀಡು ಕಬ್ಬಿಣದ ಪ್ಲೇಟುಗಳೇ ಇದ್ದರೆ ಮೇಲೆ ಹೇಳಿದ ಯಾವ ಪ್ಲಾಟ್‌ಫಾರ್ಮಿನ ಮೇಲೂ ಅವನ್ನು ಬೀಳಿಸಬೇಡಿ, ಎತ್ತಿದಷ್ಟೇ ಜತನದಿಂದ ಇಳಿಸಿ. ಹಣ ಕಡಿಮೆಯಿದ್ದರೆ ಮಾಡನ್ನು ಮುಂದಕ್ಕೆ ಹಾಕಿ ಹಲಗೆಗೆ ತಾಡಪಾಲು ಹೊದಿಸಿಯಾದರೂ ಬಂಪರ್ ಪ್ಲೇಟು, ಅಂದರೆ ಬೀಳಿಸಬಹುದಾದ ರಬ್ಬರಿನ ಪ್ಲೇಟು, ಮೊದಲು ಕೊಳ್ಳಿ. ಮಗಳು ಹಗುರ ಭಾರದಲ್ಲಿ ಅಭ್ಯಾಸ ಮಾಡುವಾಗ ಬಾರಿನ ಎರಡು ಬದಿಗೆ ಐದೈದು ಕೆ.ಜಿ.ಯ ತೆಳು ಬಂಪರ್ ಒಂದೊಂದನ್ನೇ ಹಾಕಿ ಮೇಲಿನಿಂದ ಬಿಟ್ಟರೆ ಅವು ಬಾಗಿಹೋಗುತ್ತವೆ. ಅವಳಿಗೆ ಅದೇ ವ್ಯಾಸದ, ಅಗಲವಾದ ಟೆಕ್ನಿಕ್ ಪ್ಲೇಟು ಬೇಕು. ಬಾರ್ ಸೊಂಟದ ಮಟ್ಟಕ್ಕೆ ಬರುವವರೆಗೆ ಕೈ ಅದರ ಜೊತೆಯಲ್ಲೇ ಇಳಿಯಲಿ ಎಂಬುದನ್ನು ಅವಳ ತರಬೇತುದಾರರು ಈಗಾಗಲೇ ಹೇಳಿರುತ್ತಾರೆ. ನೀವೂ ಹಾಗೆಯೇ ಮಾಡಿದರೆ ನೆಲಕ್ಕೆ ಬೀಳುವ ಪೆಟ್ಟಿನಲ್ಲಿ ದೊಡ್ಡ ಪಾಲು ಅಲ್ಲೇ ಕಡಿಮೆಯಾಗುತ್ತದೆ, ಪಕ್ಕದ ಮನೆಯವರ ಬೆಳಗಿನ ನಿದ್ದೆಯೂ ಉಳಿಯುತ್ತದೆ.

ಪ್ಲೈವುಡ್ ಅಂಗಡಿಗೆ ಮುಂಗಡ ಕೊಡುವ ಮುನ್ನ ಒಂದು ಕೆಲಸವಿದೆ. ಸಂಪಿನ ನೀರು ಅರ್ಧ ಇಳಿದ ದಿನ ಮುಚ್ಚಳ ತೆಗೆದು, ಒಳಗೆ ಇಳಿಯದೆ, ಮೊಬೈಲಿಗೆ ದಾರ ಕಟ್ಟಿ ಬಾಯಿಯಿಂದ ಒಳಗೆ ಇಳಿಬಿಟ್ಟು ಸಂಪಿನ ಮುಚ್ಚುಹಲಗೆಯ ತಳಭಾಗದ ವಿಡಿಯೋ ಮಾಡಿಕೊಳ್ಳಿ. ಕಂದು ಗೆರೆಗಳು, ಉದುರಿದ ಚಕ್ಕೆ ಅಥವಾ ಕಂಬಿ ಕಂಡರೆ ಪ್ಲಾಟ್‌ಫಾರ್ಮಿನ ಮಾತು ಬದಿಗಿರಲಿ, ಕಾರನ್ನು ಅಂದೇ ರಸ್ತೆಗೆ ತೆಗೆದು ನಿಲ್ಲಿಸಿ, ಸ್ಥಳೀಯ ಇಂಜಿನಿಯರೊಬ್ಬರಿಗೆ ಅದನ್ನು ತೋರಿಸಿ.